ತಿರುಗುವ ರೆಕ್ಕೆ: ವಿಮಾನದ ಪ್ರೊಪೆಲ್ಲರ್ ಹೇಗೆ ಕೆಲಸ ಮಾಡುತ್ತದೆ?



ಈ ಸಲದ ಗೋಡೆ ಪತ್ರಿಕೆಯ ವಿಜ್ಞಾನ ವಿಭಾಗಕ್ಕೆ ನಾನು ಆರಿಸಿಕೊಂಡ ವಿಷಯ ವಿಮಾನದ ಪ್ರೊಪೆಲ್ಲರ್. ಕೆಲವು ವಿಮಾನಗಳ ಮೂಗಿನ ಮೇಲೆ, ಇನ್ನು ಕೆಲವು ವಿಮಾನಗಳ ರೆಕ್ಕೆಯ ಮುಂದೆ ಗಿರ್ರನೆ ತಿರುಗುವ ಫ್ಯಾನಿನಂಥದ್ದು ಇರುತ್ತದಲ್ಲ, ಅದೇ ಪ್ರೊಪೆಲ್ಲರ್. ಪ್ರೊಪೆಲ್ಲರ್ ಅಂದರೆ ಮುಂದೆ ನೂಕುವಂಥದ್ದು ಎಂದು ಅರ್ಥ.

"ಎಂಜಿನ್ ಜೋರಾಗಿದ್ದರೆ ಆಯ್ತು, ಮುಂದಿನ ಫ್ಯಾನು ಹೇಗಿದ್ದರೇನು?" ಅಂತ ಬಹಳ ಜನ ಕೇಳುತ್ತಾರೆ. ಹಾಗಲ್ಲ. ಎಂಜಿನ್ನಿನ ಶಕ್ತಿ ಎಷ್ಟೇ ಇರಲಿ, ಆ ಫ್ಯಾನಿನ ಅಲಗು ಗಾಳಿಗೆ ಸರಿಯಾದ ಓರೆಯಲ್ಲಿ ಇರದಿದ್ದರೆ ವಿಮಾನಕ್ಕೆ ಬಲವೇ ಸಿಗುವುದಿಲ್ಲ. ಓರೆ ಸರಿಯಾಗಿದ್ದರೆ ಸಣ್ಣ ಎಂಜಿನ್ನೂ ಮನುಷ್ಯನನ್ನು ಹಾರಿಸುತ್ತದೆ. ಓರೆ ತಪ್ಪಿದರೆ ದೊಡ್ಡ ಎಂಜಿನ್ ತಿರುಗುತ್ತಿದ್ದರೂ ವಿಮಾನ ನೆಲಕ್ಕೆ ಬೀಳುತ್ತದೆ. ಎರಡೂ ನಿಜವಾಗಿ ನಡೆದ ಸಂಗತಿಗಳೇ. ಒಂದು 1903ರಲ್ಲಿ, ಇನ್ನೊಂದು 2023ರಲ್ಲಿ. ಅವೆರಡನ್ನೂ ಮುಂದೆ ಹೇಳುತ್ತೇನೆ. ಮೊದಲು ಗಾಳಿಯ ವಿಷಯ ನೋಡೋಣ.

1. ಗಾಳಿಗೂ ತೂಕ ಉಂಟು

ಗಾಳಿ ಕಣ್ಣಿಗೆ ಕಾಣುವುದಿಲ್ಲ. ಅದಕ್ಕೆ ಅದು ಏನೂ ಅಲ್ಲ ಅಂತ ನಮಗೆ ಅನ್ನಿಸುತ್ತದೆ. ಆದರೆ ಒಂದು ಘನ ಮೀಟರ್ ಗಾಳಿ ಸುಮಾರು 1.2 ಕಿಲೋ ತೂಗುತ್ತದೆ. ನಾನು ನಮ್ಮ ತರಗತಿಯ ಕೋಣೆಯನ್ನು ಟೇಪು ಹಿಡಿದು ಅಳೆದೆ. ಉದ್ದ 6 ಮೀಟರ್, ಅಗಲ 6 ಮೀಟರ್, ಎತ್ತರ 3 ಮೀಟರ್. ಅಂದರೆ 108 ಘನ ಮೀಟರ್. ಅದನ್ನು 1.2ರಿಂದ ಗುಣಿಸಿ ನೋಡಿ. ಸುಮಾರು 130 ಕಿಲೋ! ಎರಡು ಚೀಲ ಜೋಳಕ್ಕೆ ಹತ್ತಿರ ಬರುವಷ್ಟು ತೂಕದ ಗಾಳಿ ನಮ್ಮ ತರಗತಿಯಲ್ಲಿ ಸುಮ್ಮನೆ ಕೂತಿದೆ.

ತೂಕ ಇರುವ ವಸ್ತುವನ್ನು ಹಿಂದಕ್ಕೆ ತಳ್ಳಿದರೆ ನಮಗೆ ಮುಂದಕ್ಕೆ ತಳ್ಳಿದ ಹಾಗಾಗುತ್ತದೆ. ಹೊಳೆಯಲ್ಲಿ ದೋಣಿ ನಡೆಸುವವರನ್ನು ನೋಡಿ. ಹುಟ್ಟಿನಿಂದ ನೀರನ್ನು ಹಿಂದಕ್ಕೆ ಎಳೆಯುತ್ತಾರೆ, ದೋಣಿ ಮುಂದಕ್ಕೆ ಹೋಗುತ್ತದೆ. ನ್ಯೂಟನ್ 1687ರಲ್ಲಿ ಪ್ರಕಟಿಸಿದ ಮೂರನೆಯ ನಿಯಮ ಇದೇ: ಪ್ರತಿಯೊಂದು ಕ್ರಿಯೆಗೂ ಅಷ್ಟೇ ಪ್ರಮಾಣದ, ವಿರುದ್ಧ ದಿಕ್ಕಿನ ಪ್ರತಿಕ್ರಿಯೆ ಇರುತ್ತದೆ. ದೋಣಿಯವನು ನೀರನ್ನು ತಳ್ಳುತ್ತಾನೆ, ಪ್ರೊಪೆಲ್ಲರ್ ಗಾಳಿಯನ್ನು ತಳ್ಳುತ್ತದೆ. ವ್ಯತ್ಯಾಸ ಅಷ್ಟೇ.

"ಹಾಗಾದರೆ ಮನೆಯ ಸೀಲಿಂಗ್ ಫ್ಯಾನು ಯಾಕೆ ಮೇಲೆ ಹಾರುವುದಿಲ್ಲ?" ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. ಫ್ಯಾನು ಗಾಳಿಯನ್ನು ಕೆಳಗೆ ತಳ್ಳುವಾಗ ಗಾಳಿಯೂ ಫ್ಯಾನನ್ನು ಮೇಲಕ್ಕೆ ತಳ್ಳುತ್ತದೆ. ಆದರೆ ಆ ಬಲ ಫ್ಯಾನಿನ ತೂಕಕ್ಕಿಂತ ಬಹಳ ಕಡಿಮೆ. ಅದಕ್ಕೆ ಅದು ಕೊಂಡಿಯಲ್ಲೇ ತೂಗಿಕೊಂಡು ತಿರುಗುತ್ತದೆ.

2. ಅಲಗು ಎಂದರೆ ಒಂದು ರೆಕ್ಕೆ

ಪ್ರೊಪೆಲ್ಲರಿನ ನಡುವೆ ಇರುವ ಭಾಗವನ್ನು ಗುಂಬ ಎಂದು ಕರೆಯೋಣ, ಗಾಡಿಯ ಗಾಲಿಗೆ ಗುಂಬ ಇರುವ ಹಾಗೆ. ಗುಂಬದಿಂದ ಹೊರಟ ಪಟ್ಟಿಗಳೇ ಅಲಗುಗಳು. ಎರಡು ಅಲಗು ಇರಬಹುದು, ಮೂರು, ನಾಲ್ಕು, ಆರೂ ಇರಬಹುದು.

ಬಸ್ಸಿನಲ್ಲಿ ಹೋಗುವಾಗ ಕಿಟಕಿಯ ಒಳಗೆ ಗಾಳಿ ನುಗ್ಗುವಲ್ಲಿ ಅಂಗೈ ಹಿಡಿದು ನೋಡಿ (ಕೈ ಹೊರಗೆ ಚಾಚಬೇಡಿ). ಅಂಗೈಯನ್ನು ನೆಲಕ್ಕೆ ಸಮವಾಗಿ ಮಲಗಿಸಿದರೆ ಕೈಗೆ ಏನೂ ಅನ್ನಿಸುವುದಿಲ್ಲ. ಮುಂದಿನ ಅಂಚನ್ನು ಚೂರು ಮೇಲೆತ್ತಿ. ಕೂಡಲೇ ಯಾರೋ ಕೈಯನ್ನು ಮೇಲೆ ಎತ್ತಿದ ಹಾಗಾಗುತ್ತದೆ. ಇನ್ನೂ ಮೇಲೆತ್ತಿ ಅಂಗೈಯನ್ನು ಪೂರ್ತಿ ಅಡ್ಡ ಹಿಡಿದರೆ ಎತ್ತುವ ಬಲ ಹೋಗಿ, ಬರೀ ಹಿಂದಕ್ಕೆ ತಳ್ಳುವ ಬಲ ಉಳಿಯುತ್ತದೆ. ಈ ಮೂರು ಸ್ಥಿತಿಗಳನ್ನು ನೆನಪಿಡಿ, ಮುಂದೆ ಬೇಕಾಗುತ್ತವೆ:

ಓರೆ ಇಲ್ಲ – ಬಲ ಇಲ್ಲ.
ಸ್ವಲ್ಪ ಓರೆ – ಒಳ್ಳೆಯ ಬಲ, ಕಡಿಮೆ ತಡೆ.
ಅತಿ ಓರೆ – ಬಲ ಕಡಿಮೆ, ತಡೆ ಹೆಚ್ಚು.

ವಿಮಾನದ ರೆಕ್ಕೆ ಕೆಲಸ ಮಾಡುವುದು ಎರಡನೆಯ ಸ್ಥಿತಿಯಲ್ಲಿ. ರೆಕ್ಕೆ ಸ್ವಲ್ಪ ಓರೆಯಾಗಿರುತ್ತದೆ. ಅದರ ಬೆನ್ನು ಉಬ್ಬಿರುತ್ತದೆ. ಬೆನ್ನಿನ ಮೇಲೆ ಗಾಳಿ ವೇಗವಾಗಿ ಹರಿದು ಅಲ್ಲಿ ಒತ್ತಡ ಕಡಿಮೆಯಾಗುತ್ತದೆ, ಹೊಟ್ಟೆಯ ಕೆಳಗೆ ಒತ್ತಡ ಹೆಚ್ಚಿರುತ್ತದೆ. ಗಾಳಿ ಕೆಳಕ್ಕೆ ತಿರುಗುತ್ತದೆ, ರೆಕ್ಕೆ ಮೇಲಕ್ಕೆ ಏಳುತ್ತದೆ.

ಈಗ ಒಂದು ಸಣ್ಣ ರೆಕ್ಕೆಯನ್ನು ಕಿತ್ತು ಎಂಜಿನ್ನಿನ ದಂಡಕ್ಕೆ ನಿಲ್ಲಿಸಿ ಸಿಕ್ಕಿಸಿದೆವು ಅಂತ ಇಟ್ಕೊಳ್ಳಿ. ಎಂಜಿನ್ ಅದನ್ನು ವೃತ್ತಾಕಾರವಾಗಿ ತಿರುಗಿಸುತ್ತದೆ. ಆಗ ಮೇಲಕ್ಕೆ ಬರುತ್ತಿದ್ದ ಬಲ ಮುಂದಕ್ಕೆ ಬರುತ್ತದೆ. ಪ್ರೊಪೆಲ್ಲರ್ ಅಂದರೆ ಇಷ್ಟೇ: ತಿರುಗುವ ರೆಕ್ಕೆ. ವಿಮಾನದ ದೊಡ್ಡ ರೆಕ್ಕೆ ಅದನ್ನು ಮೇಲೆ ಎತ್ತಿ ಹಿಡಿಯುತ್ತದೆ, ಈ ಸಣ್ಣ ರೆಕ್ಕೆಗಳು ಮುಂದೆ ಎಳೆಯುತ್ತವೆ.

ಗದಗ, ಚಿತ್ರದುರ್ಗದ ಗುಡ್ಡಗಳ ಮೇಲೆ ವಿದ್ಯುತ್ ತಯಾರಿಸುವ ಗಾಳಿಯಂತ್ರಗಳನ್ನು ನೀವು ನೋಡಿರಬಹುದು. ಅವು ಇದೇ ಲೆಕ್ಕದ ಉಲ್ಟಾ. ಅಲ್ಲಿ ಗಾಳಿ ಅಲಗನ್ನು ತಿರುಗಿಸುತ್ತದೆ, ಇಲ್ಲಿ ಅಲಗು ಗಾಳಿಯನ್ನು ತಳ್ಳುತ್ತದೆ. ಜಾತ್ರೆಯ ಗಿರಗಿಟ್ಲಿಯೂ ಗಾಳಿಯಂತ್ರದ ತಮ್ಮನೇ.

3. ಅಣ್ಣ-ತಮ್ಮಂದಿರ ವಾದ

ಪ್ರೊಪೆಲ್ಲರ್ ಅಂದರೆ ತಿರುಗುವ ರೆಕ್ಕೆ ಎಂದು ಸರಿಯಾಗಿ ಲೆಕ್ಕ ಹಾಕಿ ತೋರಿಸಿದವರು ರೈಟ್ ಸಹೋದರರು. ಅಣ್ಣ ವಿಲ್ಬರ್, ತಮ್ಮ ಆರ್ವಿಲ್. ಅಮೆರಿಕದ ಓಹಾಯೋ ರಾಜ್ಯದ ಡೇಟನ್ ಊರಿನಲ್ಲಿ ಅವರದೊಂದು ಸೈಕಲ್ ಅಂಗಡಿ. ಇಬ್ಬರೂ ಕಾಲೇಜು ಮೆಟ್ಟಿಲು ಹತ್ತಿದವರಲ್ಲ.

1901ರಲ್ಲಿ ಅವರು ಒಂದು ಪೆಟ್ಟಿಗೆಯೊಳಗೆ ಫ್ಯಾನಿನಿಂದ ಗಾಳಿ ಹರಿಸಿ, ಸುಮಾರು ಇನ್ನೂರು ಬಗೆಯ ಪುಟ್ಟ ರೆಕ್ಕೆಗಳನ್ನು ಪರೀಕ್ಷಿಸಿದರು. ರೆಕ್ಕೆಯ ಲೆಕ್ಕ ಸಿಕ್ಕಿತು. ಪ್ರೊಪೆಲ್ಲರ್ ಸುಲಭ ಅಂದುಕೊಂಡರು. ಹಡಗುಗಳಿಗೆ ಆಗಲೇ ನೀರಿನಲ್ಲಿ ತಿರುಗುವ ಪ್ರೊಪೆಲ್ಲರ್ ಇದ್ದವು, ಅದರ ಪುಸ್ತಕ ನೋಡಿದರೆ ಸಾಕು ಎಂಬುದು ಅವರ ಎಣಿಕೆ. ಆದರೆ ಆ ಪುಸ್ತಕಗಳಲ್ಲಿ ಅವರಿಗೆ ಬೇಕಾದ ಲೆಕ್ಕ ಸಿಗಲಿಲ್ಲ. ಹಡಗಿನವರು ಮಾಡಿ, ನೋಡಿ, ತಿದ್ದಿ ಕಲಿತಿದ್ದರು. ಒಂದು ಸರಿಹೋಗದಿದ್ದರೆ ಇನ್ನೊಂದು. ರೈಟ್ ಸಹೋದರರಿಗೆ ಅಷ್ಟು ದುಡ್ಡೂ ಇರಲಿಲ್ಲ, ಸಮಯವೂ ಇರಲಿಲ್ಲ.

ಆಗ ಇಬ್ಬರೂ ವಾದಕ್ಕೆ ಕೂತರು. ವಿಮಾನ ಮುಂದೆ ಚಲಿಸುತ್ತದೆ, ಅಲಗು ಸುತ್ತ ತಿರುಗುತ್ತದೆ, ಗಾಳಿ ಹಿಂದಕ್ಕೆ ಹೋಗುತ್ತದೆ. ಯಾವುದೂ ನಿಂತಲ್ಲಿ ನಿಂತಿಲ್ಲ. ಲೆಕ್ಕವನ್ನು ಎಲ್ಲಿಂದ ಹಿಡಿಯುವುದು? ಗಂಟೆಗಟ್ಟಲೆ ವಾದ ಮಾಡಿ ಕೊನೆಗೆ ಅಣ್ಣ ತಮ್ಮನ ಮಾತು ಒಪ್ಪುತ್ತಿದ್ದನಂತೆ, ಅಷ್ಟರಲ್ಲಿ ತಮ್ಮ ಅಣ್ಣನ ಮಾತು ಒಪ್ಪಿಬಿಟ್ಟಿರುತ್ತಿದ್ದನಂತೆ! ಹೀಗೆ ಪಕ್ಷ ಅದಲುಬದಲಾಗಿ ವಾದ ಮತ್ತೆ ಶುರು. ಇದನ್ನು ಆರ್ವಿಲ್ ತಾನೇ ಮುಂದೆ ಬರೆದಿದ್ದಾನೆ. ಕೊನೆಗೆ ಅವರು ಅಲಗನ್ನು ರೆಕ್ಕೆ ಎಂದೇ ಹಿಡಿದು ಲೆಕ್ಕ ಮಾಡಿದರು.

ಸ್ಪ್ರೂಸ್ ಎಂಬ ಹಗುರ ಮರದ ಮೂರು ಹಲಗೆಗಳನ್ನು ಒಂದರ ಮೇಲೊಂದು ಅಂಟಿಸಿ, ಕೈಯಿಂದಲೇ ಕೆತ್ತಿ, ಎಂಟೂವರೆ ಅಡಿ (ಸುಮಾರು 2.6 ಮೀಟರ್) ಉದ್ದದ ಎರಡು ಪ್ರೊಪೆಲ್ಲರ್ ತಯಾರಿಸಿದರು. ಅವರ ಅಂಗಡಿಯ ಮೆಕ್ಯಾನಿಕ್ ಚಾರ್ಲಿ ಟೇಲರ್ ಎಂಜಿನ್ ಕಟ್ಟಿಕೊಟ್ಟ. ಅದರ ಶಕ್ತಿ ಬರೀ 12 ಅಶ್ವಶಕ್ತಿ. ನಮ್ಮೂರ ಗದ್ದೆಯಲ್ಲಿ ಓಡುವ ಒಂದು ಪವರ್ ಟಿಲ್ಲರಿನಷ್ಟು! ಸೈಕಲ್ಲಿನ ಹಾಗೆ ಸರಪಳಿ ಹಾಕಿ ಎಂಜಿನ್ನಿನಿಂದ ಎರಡೂ ಪ್ರೊಪೆಲ್ಲರ್ ತಿರುಗಿಸಿದರು. ಒಂದು ಸರಪಳಿಯನ್ನು ಎಂಟರ ಅಂಕಿಯ ಹಾಗೆ ಅಡ್ಡ ಹಾಕಿದ್ದರು. ಇದರಿಂದ ಒಂದು ಪ್ರೊಪೆಲ್ಲರ್ ಬಲಕ್ಕೆ, ಇನ್ನೊಂದು ಎಡಕ್ಕೆ ತಿರುಗುತ್ತಿತ್ತು. ಎರಡೂ ಒಂದೇ ಕಡೆ ತಿರುಗಿದರೆ ಪ್ರತಿಕ್ರಿಯೆಯಿಂದ ವಿಮಾನ ಒಂದು ಮಗ್ಗುಲಿಗೆ ವಾಲುತ್ತದೆ. ಇಲ್ಲಿಯೂ ನ್ಯೂಟನ್ನನ ಮೂರನೆಯ ನಿಯಮವೇ.

1903ರ ಡಿಸೆಂಬರ್ 17ರಂದು ಉತ್ತರ ಕ್ಯಾರೊಲಿನಾದ ಕಿಟ್ಟಿ ಹಾಕ್ ಬಳಿಯ ಮರಳು ದಿಬ್ಬಗಳ ಹತ್ತಿರ ಆ ವಿಮಾನ ಹಾರಿತು. ಮೊದಲನೆಯ ಸಲ 12 ಸೆಕೆಂಡು, 120 ಅಡಿ. ಅದೇ ದಿನ ನಾಲ್ಕನೆಯ ಸಲ 59 ಸೆಕೆಂಡು, 852 ಅಡಿ. ಇತ್ತೀಚಿನ ವರ್ಷಗಳಲ್ಲಿ ಅದೇ ಅಳತೆಯ ಪ್ರೊಪೆಲ್ಲರ್ ಮಾಡಿ ಪರೀಕ್ಷಿಸಿದಾಗ, ಎಂಜಿನ್ ಕೊಟ್ಟ ನೂರು ಪಾಲು ಶಕ್ತಿಯಲ್ಲಿ ಸುಮಾರು 75 ಪಾಲನ್ನು ಅದು ಮುಂದೆ ನೂಕುವ ಕೆಲಸಕ್ಕೆ ತಿರುಗಿಸುತ್ತದೆ ಎಂದು ಗೊತ್ತಾಯಿತು. ನೂರು ವರ್ಷಗಳ ನಂತರದ ಒಳ್ಳೆಯ ಪ್ರೊಪೆಲ್ಲರ್‌ಗಳು 85ರ ಆಸುಪಾಸು ಕೊಡುತ್ತವೆ. ಅಂದರೆ ಸೈಕಲ್ ಅಂಗಡಿಯವರ ಲೆಕ್ಕ ಎಷ್ಟು ಗಟ್ಟಿಯಾಗಿತ್ತು ನೋಡ್ರಿ! ಎಂಜಿನ್ ಸಣ್ಣದಿತ್ತು, ಓರೆ ಸರಿಯಾಗಿತ್ತು, ವಿಮಾನ ಹಾರಿತು.

4. ಅಲಗನ್ನು ತಿರುಚುವುದೇಕೆ?

ಪ್ರೊಪೆಲ್ಲರಿನ ಅಲಗನ್ನು ಹತ್ತಿರದಿಂದ ನೋಡಿದರೆ ಅದು ನೇರ ಪಟ್ಟಿಯಲ್ಲ. ಹಿಂಡಿದ ಒದ್ದೆ ಬಟ್ಟೆಯ ಹಾಗೆ ಸ್ವಲ್ಪ ತಿರುಚಿಕೊಂಡಿರುತ್ತದೆ. ಗುಂಬದ ಹತ್ತಿರ ಬಹಳ ಓರೆ, ತುದಿಯಲ್ಲಿ ಹೆಚ್ಚುಕಡಿಮೆ ಚಪ್ಪಟೆ. ಯಾಕೆ?

ಇದಕ್ಕೆ ಉತ್ತರ ನಮ್ಮ ಕಣದಲ್ಲೇ ಇದೆ. ಈಗ ರಾಶಿ ಮಾಡಲು ಮೆಶಿನ್ ಬಂದಿದೆ. ಮೊದಲು ಹಂತಿ ಕಟ್ಟುತ್ತಿದ್ದರು ಎಂದು ನಮ್ಮ ಅಜ್ಜ ಹೇಳುತ್ತಾರೆ. ಕಣದ ನಡುವೆ ಮೇಟಿ ನೆಟ್ಟು, ಎತ್ತುಗಳನ್ನು ಒಂದೇ ಹಗ್ಗಕ್ಕೆ ಸಾಲಾಗಿ ಕಟ್ಟಿ ಮೇಟಿಯ ಸುತ್ತ ತಿರುಗಿಸುವುದು. ಮೇಟಿಯ ಪಕ್ಕ ಮುದಿ ಎತ್ತು, ಹೊರಗಡೆ ಗಟ್ಟಿ ಎತ್ತು. ಯಾಕೆ ಹಾಗೆ? ಎಲ್ಲ ಎತ್ತುಗಳೂ ಒಂದು ಸುತ್ತನ್ನು ಒಂದೇ ಹೊತ್ತಿಗೆ ಮುಗಿಸಬೇಕು. ಒಳಗಿನದಕ್ಕೆ ಸಣ್ಣ ಸುತ್ತು, ನಿಧಾನ ನಡೆದರೆ ಸಾಕು. ಹೊರಗಿನದಕ್ಕೆ ದೊಡ್ಡ ಸುತ್ತು, ಅದು ದಾಪುಗಾಲು ಹಾಕಬೇಕು.

ಪ್ರೊಪೆಲ್ಲರ್ ಅಲಗಿನಲ್ಲೂ ಹೀಗೆಯೇ. ಗುಂಬದ ಹತ್ತಿರದ ಭಾಗ ಮುದಿ ಎತ್ತು. ತುದಿ ಹೊರಗಿನ ಎತ್ತು. ಲೆಕ್ಕ ಮಾಡೋಣ.

ಒಂದು ಸಣ್ಣ ವಿಮಾನದ ಎರಡು ಅಲಗಿನ ಪ್ರೊಪೆಲ್ಲರ್ ತೆಗೆದುಕೊಳ್ಳಿ. ಒಂದು ತುದಿಯಿಂದ ಇನ್ನೊಂದು ತುದಿಗೆ 1.9 ಮೀಟರ್. ನಿಮಿಷಕ್ಕೆ 2400 ಸುತ್ತು, ಅಂದರೆ ಸೆಕೆಂಡಿಗೆ 40 ಸುತ್ತು. ತುದಿ ಒಂದು ಸುತ್ತಿನಲ್ಲಿ ಹೋಗುವ ದೂರ 22/7 × 1.9 = ಸುಮಾರು 5.97 ಮೀಟರ್. ಅದನ್ನು 40ರಿಂದ ಗುಣಿಸಿದರೆ ಸೆಕೆಂಡಿಗೆ ಸುಮಾರು 239 ಮೀಟರ್. ಗಂಟೆಗೆ 860 ಕಿಲೋಮೀಟರ್! ಅಲಗಿನ ನಡುಭಾಗಕ್ಕೆ ಇದರ ಅರ್ಧ, ಸೆಕೆಂಡಿಗೆ 119 ಮೀಟರ್. ಗುಂಬದ ಕಡೆ ಕಾಲು ಭಾಗದಲ್ಲಿ ಸೆಕೆಂಡಿಗೆ 60 ಮೀಟರ್.

ಇದೇ ಹೊತ್ತಿಗೆ ಇಡೀ ವಿಮಾನ ಮುಂದೆ ಹೋಗುತ್ತಿರುತ್ತದೆ. ಅದರ ವೇಗ ಸೆಕೆಂಡಿಗೆ 55 ಮೀಟರ್ (ಗಂಟೆಗೆ ಸುಮಾರು 200 ಕಿಲೋಮೀಟರ್) ಅಂತ ಇಟ್ಕೊಳ್ಳಿ. ಈ ಮುಂದಿನ ವೇಗ ಅಲಗಿನ ಎಲ್ಲ ಭಾಗಕ್ಕೂ ಒಂದೇ. ಆದ್ದರಿಂದ ಅಲಗಿಗೆ ಗಾಳಿ ಎದುರಾಗುವ ದಿಕ್ಕು ಒಂದೊಂದು ಭಾಗದಲ್ಲಿ ಒಂದೊಂದು ಬಗೆ.

ಡ್ರಾಯಿಂಗ್ ಹಾಳೆ ಮೇಲೆ 10 ಮೀಟರಿಗೆ 1 ಸೆಂಟಿಮೀಟರ್ ಅಳತೆ ಇಟ್ಟು ನಾನು ಮೂರು ಲಂಬಕೋನ ತ್ರಿಭುಜ ಬರೆದೆ. ಮೂರಕ್ಕೂ ಎತ್ತರ ಐದೂವರೆ ಸೆಂಟಿಮೀಟರ್. ಅಡಿಗೆರೆ ಮಾತ್ರ 6, 12 ಮತ್ತು 24 ಸೆಂಟಿಮೀಟರ್. ಕಂಪಾಸ್ ಪೆಟ್ಟಿಗೆಯ ಕೋನಮಾಪಕದಿಂದ ಅಳೆದಾಗ ಹೀಗೆ ಬಂತು:

ಗುಂಬದ ಕಡೆ (ಕಾಲು ಭಾಗ) – ಸುಮಾರು 43 ಡಿಗ್ರಿ
ನಡುಭಾಗ – ಸುಮಾರು 25 ಡಿಗ್ರಿ
ತುದಿ – ಸುಮಾರು 13 ಡಿಗ್ರಿ

ಇದು ಗಾಳಿ ಎದುರಾಗುವ ಕೋನ. ಅಲಗು ಇದಕ್ಕಿಂತ ಮೂರು-ನಾಲ್ಕು ಡಿಗ್ರಿ ಹೆಚ್ಚು ಓರೆ ಇರಬೇಕು, ಆಗಲೇ 'ಸ್ವಲ್ಪ ಓರೆ – ಒಳ್ಳೆಯ ಬಲ' ಸಿಗುವುದು. ಹಾಗಾದರೆ ಗುಂಬದ ಕಡೆ 47, ನಡುವೆ 29, ತುದಿಗೆ 17 ಡಿಗ್ರಿ ಬೇಕು. ಇದೇ ಆ ತಿರುಚು!

ತಿರುಚದೆ ಇಡೀ ಅಲಗನ್ನು 29 ಡಿಗ್ರಿಯಲ್ಲೇ ಇಟ್ಟರೆ ಏನಾಗುತ್ತಿತ್ತು? ನಡುಭಾಗ ಚೆನ್ನಾಗಿ ದುಡಿಯುತ್ತಿತ್ತು. ತುದಿಯಲ್ಲಿ ಓರೆ 16 ಡಿಗ್ರಿ ಹೆಚ್ಚಾಗಿ, ಗಾಳಿ ಅಲಗಿನ ಬೆನ್ನಿಗೆ ಅಂಟಿ ಹರಿಯುವುದನ್ನು ಬಿಟ್ಟು ಬರೀ ತಡೆ ಉಳಿಯುತ್ತಿತ್ತು. ಗುಂಬದ ಕಡೆ 14 ಡಿಗ್ರಿ ಕಡಿಮೆಯಾಗಿ ಆ ಭಾಗ ವಿಮಾನವನ್ನು ಹಿಂದಕ್ಕೆ ತಳ್ಳುತ್ತಿತ್ತು! ಒಂದೇ ನೊಗಕ್ಕೆ ಕಟ್ಟಿದ ಎತ್ತುಗಳು ಒಂದೊಂದು ದಿಕ್ಕಿಗೆ ಎಳೆದ ಹಾಗೆ.

5. ಓರೆ ಬದಲಿಸುವ ಪ್ರೊಪೆಲ್ಲರ್

ಈಗ ಇನ್ನೊಂದು ತೊಡಕು. ಮೇಲಿನ ಲೆಕ್ಕ ವಿಮಾನ ಸೆಕೆಂಡಿಗೆ 55 ಮೀಟರ್ ಹೋಗುವಾಗ ಸರಿ. ಆದರೆ ವಿಮಾನ ರನ್‌ವೇ ಮೇಲೆ ಆಗಷ್ಟೇ ಹೊರಡುವಾಗ ಮುಂದಿನ ವೇಗ ಸೊನ್ನೆ. ಆಗ ಗಾಳಿ ಎದುರಾಗುವ ಕೋನವೂ ಸೊನ್ನೆ. 29 ಡಿಗ್ರಿ ಓರೆ ಆಗ ಅತಿಯಾಯಿತು. ಹೊರಡುವಾಗ ಓರೆ ಕಡಿಮೆ ಬೇಕು, ವೇಗ ಹೆಚ್ಚಿದಂತೆ ಓರೆಯೂ ಹೆಚ್ಚಬೇಕು.

ಗೇರ್ ಸೈಕಲ್ ತುಳಿದವರಿಗೆ ಇದು ಗೊತ್ತು. ಏರು ಹತ್ತುವಾಗ ಒಂದು ಗೇರು, ಬಯಲಿನಲ್ಲಿ ಇನ್ನೊಂದು. ಒಂದೇ ಗೇರಿದ್ದರೆ ಎರಡರಲ್ಲಿ ಒಂದು ಕಡೆ ಕಷ್ಟಪಡಲೇಬೇಕು. ಸಣ್ಣ ವಿಮಾನಗಳಲ್ಲಿ ಅಲಗನ್ನು ಒಂದೇ ಓರೆಯಲ್ಲಿ ಭದ್ರ ಮಾಡಿರುತ್ತಾರೆ. ಅದು ಒಂದೇ ಗೇರಿನ ಸೈಕಲ್.

ದೊಡ್ಡ ವಿಮಾನಗಳಿಗೆ ಇದು ಸಾಲದು. ಅಮೆರಿಕದ ಹ್ಯಾಮಿಲ್ಟನ್ ಸ್ಟ್ಯಾಂಡರ್ಡ್ ಕಂಪನಿಯಲ್ಲಿ ಫ್ರಾಂಕ್ ಕಾಲ್ಡ್‌ವೆಲ್ ಎಂಬ ಎಂಜಿನಿಯರ್, ಹಾರಾಟದ ನಡುವೆಯೇ ಓರೆ ಬದಲಿಸಬಹುದಾದ ಪ್ರೊಪೆಲ್ಲರ್ ರೂಪಿಸಿದ. 1933ರಲ್ಲಿ ಇದಕ್ಕೆ ಕಾಲಿಯರ್ ಟ್ರೋಫಿ ಎಂಬ ದೊಡ್ಡ ಪ್ರಶಸ್ತಿ ಬಂತು. ಬೋಯಿಂಗ್ 247 ಎಂಬ ವಿಮಾನ ಎತ್ತರದ ಊರುಗಳಿಂದ ಏಳಲು ಕಷ್ಟಪಡುತ್ತಿತ್ತು. ಈ ಪ್ರೊಪೆಲ್ಲರ್ ಹಾಕಿದ ಮೇಲೆ ಅದೇ ಎಂಜಿನ್ನಿನಲ್ಲಿ ಕಡಿಮೆ ದೂರ ಓಡಿ ಮೇಲೇಳತೊಡಗಿತು.

ಗುಂಬದ ಒಳಗೆ ಒಂದು ಪಿಸ್ಟನ್ ಇರುತ್ತದೆ. ಎಣ್ಣೆಯ ಒತ್ತಡ ಪಿಸ್ಟನ್ನನ್ನು ಸರಿಸುತ್ತದೆ, ಪಿಸ್ಟನ್ ಅಲಗುಗಳ ಬುಡವನ್ನು ತಿರುಗಿಸುತ್ತದೆ. ಗವರ್ನರ್ ಎಂಬ ಸಾಧನ ಸುತ್ತುಗಳನ್ನು ಕಾಯುತ್ತಿರುತ್ತದೆ. ಸುತ್ತು ಹೆಚ್ಚಾದರೆ ಓರೆ ಹೆಚ್ಚಿಸಿ ಭಾರ ಹಾಕುತ್ತದೆ, ಕಡಿಮೆಯಾದರೆ ಓರೆ ತಗ್ಗಿಸುತ್ತದೆ. ಹೀಗೆ ಎಂಜಿನ್ ಒಂದೇ ವೇಗದಲ್ಲಿ ತಿರುಗುತ್ತದೆ. ಕೆಲವು ವಿಮಾನಗಳಲ್ಲಿ ಇಳಿದ ಮೇಲೆ ಅಲಗನ್ನು ಉಲ್ಟಾ ಓರೆಗೆ ತಿರುಗಿಸಿ ಬ್ರೇಕಿನ ಹಾಗೂ ಬಳಸುತ್ತಾರೆ.

6. ಪೋಖರಾದ ದುರಂತ

ಓರೆಗೆ ಇನ್ನೊಂದು ತುದಿಯೂ ಇದೆ. ಎರಡು ಎಂಜಿನ್ನುಗಳ ವಿಮಾನದಲ್ಲಿ ಒಂದು ಎಂಜಿನ್ ಕೆಟ್ಟಿತು ಅಂತ ಇಟ್ಕೊಳ್ಳಿ. ಆ ಕಡೆಯ ಅಲಗುಗಳು ಗಾಳಿಗೆ ಅಡ್ಡ ನಿಂತು ವಿಮಾನವನ್ನು ಹಿಂದಕ್ಕೆ ಎಳೆಯುತ್ತವೆ. ಗಾಳಿ ಜೋರಾಗಿರುವಾಗ ಮೊರವನ್ನು ಅಡ್ಡ ಹಿಡಿದು ನೋಡಿ, ಕೈಯಿಂದ ಕಿತ್ತುಕೊಳ್ಳುತ್ತದೆ. ಅದೇ ಮೊರದ ಅಂಚನ್ನು ಗಾಳಿಗೆ ಹಿಡಿದರೆ ಸುಮ್ಮನಿರುತ್ತದೆ. ಹಾಗೆಯೇ ಕೆಟ್ಟ ಎಂಜಿನ್ನಿನ ಅಲಗುಗಳ ಅಂಚನ್ನು ಗಾಳಿಗೆ ತಿರುಗಿಸಿಬಿಡುತ್ತಾರೆ. ಇದಕ್ಕೆ 'ಫೆದರ್' ಮಾಡುವುದು ಎನ್ನುತ್ತಾರೆ. ಆಗ ತಡೆಯೂ ಇಲ್ಲ, ನೂಕುವ ಬಲವೂ ಇಲ್ಲ. ಉಳಿದ ಒಂದು ಎಂಜಿನ್ನಿನಿಂದ ವಿಮಾನ ಸುರಕ್ಷಿತವಾಗಿ ಇಳಿಯಬಹುದು. ಜೀವ ಉಳಿಸುವ ಉಪಾಯ ಇದು.

ಆದರೆ 2023ರ ಜನವರಿ 15ರಂದು ನೇಪಾಳದಲ್ಲಿ ಇದೇ ಉಪಾಯ ತಪ್ಪು ಹೊತ್ತಿನಲ್ಲಿ ಬಿತ್ತು. ಕಾಠ್ಮಂಡುವಿನಿಂದ ಪೋಖರಾಕ್ಕೆ ಎ.ಟಿ.ಆರ್. 72 ಜಾತಿಯ ವಿಮಾನ ಬರುತ್ತಿತ್ತು. ಎರಡೂ ಎಂಜಿನ್ ಚೆನ್ನಾಗಿದ್ದವು. ಇಳಿಯುವ ಮೊದಲು ರೆಕ್ಕೆಯ ಹಿಂದಿನ ಮಡಿಕೆಗಳನ್ನು, ಅಂದರೆ ಫ್ಲ್ಯಾಪುಗಳನ್ನು ಇಳಿಸುವ ಸನ್ನೆ ಎಳೆಯಬೇಕಿತ್ತು. ಅದರ ಬದಲು ಹತ್ತಿರದಲ್ಲೇ ಇದ್ದ, ಪ್ರೊಪೆಲ್ಲರುಗಳನ್ನು ನಿಯಂತ್ರಿಸುವ ಸನ್ನೆಗಳನ್ನು ಫೆದರ್ ಸ್ಥಾನಕ್ಕೆ ಎಳೆಯಲಾಯಿತು ಎಂದು ನೇಪಾಳದ ತನಿಖಾ ಆಯೋಗ ವರದಿ ಕೊಟ್ಟಿತು. ಎರಡೂ ಕಡೆಯ ಅಲಗುಗಳು ಗಾಳಿಗೆ ಅಂಚು ತಿರುಗಿಸಿ ನಿಂತವು. ಎಂಜಿನ್ ತಿರುಗುತ್ತಿದ್ದರೂ ಮುಂದೆ ನೂಕುವ ಬಲ ಇಲ್ಲ. ವೇಗ ಕುಸಿಯಿತು. ಎತ್ತರ ಕಡಿಮೆ ಇದ್ದುದರಿಂದ ಏನಾಯಿತೆಂದು ಹುಡುಕಿ ಸರಿಪಡಿಸಲು ಸಮಯವೂ ಸಿಗಲಿಲ್ಲ. ವಿಮಾನ ಕಣಿವೆಗೆ ಬಿತ್ತು. ಅದರಲ್ಲಿದ್ದ 72 ಜನರೂ ತೀರಿಕೊಂಡರು. ಅವರಲ್ಲಿ ಐವರು ನಮ್ಮ ದೇಶದವರು.

ಇದನ್ನು ಬರೆಯುವಾಗ ನನಗೆ ಸಂಕಟವಾಯಿತು. ಆದರೂ ಬರೆಯಬೇಕು ಅನ್ನಿಸಿತು. ಕೋನ ಎಂದರೆ ಗಣಿತದ ಪುಸ್ತಕದಲ್ಲಿ ಅಂಕ ತರುವ ವಿಷಯ ಮಾತ್ರ ಅಲ್ಲ. ಅಲ್ಲಿ ಎಂಜಿನ್ ಇತ್ತು, ಇಂಧನ ಇತ್ತು, ರೆಕ್ಕೆಗಳೂ ಇದ್ದವು. ತಪ್ಪಿದ್ದು ಅಲಗಿನ ಓರೆ ಒಂದೇ.

7. ಜೆಟ್ ಬಂದರೂ ಪ್ರೊಪೆಲ್ಲರ್ ಉಳಿದದ್ದು ಏಕೆ?

ಜೆಟ್ ವಿಮಾನ ಹೆಚ್ಚು ವೇಗವಾಗಿ ಹೋಗುತ್ತದೆ. ಪ್ರೊಪೆಲ್ಲರಿಗೆ ಒಂದು ಮಿತಿ ಇದೆ. ತುದಿಯ ವೇಗ ಶಬ್ದದ ವೇಗಕ್ಕೆ (ಸೆಕೆಂಡಿಗೆ ಸುಮಾರು 340 ಮೀಟರ್) ಹತ್ತಿರ ಬಂದರೆ ಗದ್ದಲ ಹೆಚ್ಚಿ, ತಡೆ ಏರಿ, ಶಕ್ತಿ ಪೋಲಾಗುತ್ತದೆ. ಅದಕ್ಕೆ ದೊಡ್ಡ ಎಂಜಿನ್ ಇದ್ದಾಗ ಅಲಗನ್ನು ಬಹಳ ಉದ್ದ ಮಾಡದೆ ಅಲಗುಗಳ ಸಂಖ್ಯೆ ಹೆಚ್ಚಿಸುತ್ತಾರೆ. ಎ.ಟಿ.ಆರ್. 72 ವಿಮಾನದ ಹೊಸ ಮಾದರಿಗಳಲ್ಲಿ ಒಂದೊಂದು ಪ್ರೊಪೆಲ್ಲರಿಗೆ ಆರು ಅಲಗು ಇರುವುದು ಇದಕ್ಕೇ.

ಆದರೆ ಉಳಿತಾಯದಲ್ಲಿ ಪ್ರೊಪೆಲ್ಲರ್ ಗೆಲ್ಲುತ್ತದೆ. ಹೇಗೆ? 10 ಕಿಲೋ ಗಾಳಿಯನ್ನು ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಹಿಂದೆ ತಳ್ಳಿದರೂ, 1 ಕಿಲೋ ಗಾಳಿಯನ್ನು 100 ಮೀಟರ್ ವೇಗದಲ್ಲಿ ತಳ್ಳಿದರೂ ಸಂವೇಗ ಒಂದೇ, 100. ನೂಕುವ ಬಲವೂ ಅಷ್ಟೇ. ಆದರೆ ಗಾಳಿಗೆ ಕೊಟ್ಟು ಕಳೆದುಕೊಳ್ಳುವ ಚಲನಶಕ್ತಿ? ½mv² ಸೂತ್ರ ಹಾಕಿ. ಮೊದಲನೆಯದಕ್ಕೆ 500 ಜೂಲ್, ಎರಡನೆಯದಕ್ಕೆ 5000 ಜೂಲ್. ಹತ್ತು ಪಟ್ಟು! ಹೆಚ್ಚು ಗಾಳಿಯನ್ನು ನಿಧಾನವಾಗಿ ತಳ್ಳುವುದೇ ಲಾಭ. ದೊಡ್ಡ ಪ್ರೊಪೆಲ್ಲರ್ ಮಾಡುವುದು ಅದನ್ನೇ. ಅದಕ್ಕೆ ಹತ್ತಿರದ ಊರುಗಳಿಗೆ ಹಾರುವ ವಿಮಾನಗಳಲ್ಲಿ ಅದು ಇಂದಿಗೂ ಇದೆ. 2023ರ ಆಗಸ್ಟ್ 31ರಂದು ಶಿವಮೊಗ್ಗದ ಹೊಸ ನಿಲ್ದಾಣಕ್ಕೆ ಬೆಂಗಳೂರಿನಿಂದ ಬಂದಿಳಿದದ್ದು ಪ್ರೊಪೆಲ್ಲರಿನ ಎ.ಟಿ.ಆರ್. ವಿಮಾನವೇ.

ನಮ್ಮ ರಾಜ್ಯಕ್ಕೂ ಪ್ರೊಪೆಲ್ಲರಿಗೂ ಹಳೆಯ ನಂಟು. ಬೆಂಗಳೂರಿನ ಹಿಂದೂಸ್ತಾನ್ ವಿಮಾನ ಕಾರ್ಖಾನೆಯಲ್ಲಿ ಡಾ. ವಿ. ಎಂ. ಘಾಟಗೆ ಅವರ ನೇತೃತ್ವದಲ್ಲಿ ರೂಪುಗೊಂಡ ಎಚ್.ಟಿ.-2 ಎಂಬ ತರಬೇತಿ ವಿಮಾನ 1951ರಲ್ಲಿ ಹಾರಿತು. ಅದಕ್ಕೂ ಮೂಗಿನ ಮೇಲೆ ಪ್ರೊಪೆಲ್ಲರ್. ಅದೇ ಸಂಸ್ಥೆಯ ಎಚ್.ಟಿ.ಟಿ.-40 ಎಂಬ ತರಬೇತಿ ವಿಮಾನ 2016ರಲ್ಲಿ ಮೊದಲ ಸಲ ಹಾರಿತು. ಅದಕ್ಕೂ ಪ್ರೊಪೆಲ್ಲರೇ.

8. ಮಾಡಿ ನೋಡಿ

ಬೇಕಾದದ್ದು: ಎಳನೀರು ಕುಡಿಯುವ ಸ್ಟ್ರಾ ಒಂದು, ಗಟ್ಟಿ ರಟ್ಟಿನ ಕಾಗದ, ಅಂಟು ಟೇಪು, ಕತ್ತರಿ.

ರಟ್ಟಿನಿಂದ 15 ಸೆಂಟಿಮೀಟರ್ ಉದ್ದ, 2 ಸೆಂಟಿಮೀಟರ್ ಅಗಲದ ಪಟ್ಟಿ ಕತ್ತರಿಸಿ. ನಡುವನ್ನು ಸ್ಟ್ರಾದ ತುದಿಗೆ ಟೇಪಿನಿಂದ ಭದ್ರವಾಗಿ ಅಂಟಿಸಿ. ಮೊದಲು ಪಟ್ಟಿಯನ್ನು ಚಪ್ಪಟೆಯಾಗಿಯೇ ಬಿಟ್ಟು, ಸ್ಟ್ರಾವನ್ನು ಎರಡೂ ಅಂಗೈ ನಡುವೆ ಹಿಡಿದು ಕಡೆಗೋಲು ತಿರುಗಿಸಿದ ಹಾಗೆ ಜೋರಾಗಿ ಉಜ್ಜಿ ಬಿಡಿ. ಅದು ಕೆಳಗೆ ಬೀಳುತ್ತದೆ. ಈಗ ಪಟ್ಟಿಯ ಎರಡೂ ಕಡೆಗಳನ್ನು ಒಂದಕ್ಕೊಂದು ವಿರುದ್ಧವಾಗಿ ಸ್ವಲ್ಪ ತಿರುಚಿ. ಮತ್ತೆ ಉಜ್ಜಿ ಬಿಡಿ. ಮೇಲೇಳುತ್ತದೆ! ಮೇಲೇಳದೆ ಕೆಳಕ್ಕೆ ನುಗ್ಗಿದರೆ ಉಲ್ಟಾ ದಿಕ್ಕಿಗೆ ಉಜ್ಜಿ. ಓರೆಯನ್ನು ಹೆಚ್ಚುಕಡಿಮೆ ಮಾಡುತ್ತ ಯಾವುದಕ್ಕೆ ಹೆಚ್ಚು ಎತ್ತರ ಹೋಗುತ್ತದೆ ಎಂದು ಪಟ್ಟಿ ಬರೆಯಿರಿ. ಕಣ್ಣಿಗೆ ತಾಗದ ಹಾಗೆ ಮುಖದಿಂದ ದೂರ ಹಿಡಿಯಿರಿ.

ಎಚ್ಚರಿಕೆ: ತಿರುಗುವ ಪ್ರೊಪೆಲ್ಲರ್ ಕಣ್ಣಿಗೆ ಕಾಣುವುದೇ ಇಲ್ಲ. ಅದಕ್ಕೇ ಅಲಗುಗಳ ತುದಿಗೆ ಹಳದಿ, ಬಿಳಿ, ಕೆಂಪು ಬಣ್ಣ ಬಳಿದಿರುತ್ತಾರೆ. ಮನೆಯ ಟೇಬಲ್ ಫ್ಯಾನಿಗೂ ಬೆರಳು ಹಾಕಬೇಡಿ. ತಮ್ಮ ತಂಗಿಯರಿಗೂ ಹೇಳಿ.

9. ಪ್ರಶ್ನೆಗಳು

(ಉತ್ತರ ಬರೆದು ವಿಜ್ಞಾನದ ಮಾಸ್ತರಲ್ಲಿ ಕೊಡಿ. ಸರಿ ಉತ್ತರ ಬರೆದವರ ಹೆಸರು ಮುಂದಿನ ಸಂಚಿಕೆಯಲ್ಲಿ.)

ಅ) ನಿಮ್ಮ ಮನೆಯ ಸೀಲಿಂಗ್ ಫ್ಯಾನಿನ ತುದಿಯಿಂದ ತುದಿಗೆ ಎಷ್ಟು ಉದ್ದ? ಅದು ನಿಮಿಷಕ್ಕೆ 300 ಸುತ್ತು ತಿರುಗಿದರೆ ತುದಿಯ ವೇಗ ಸೆಕೆಂಡಿಗೆ ಎಷ್ಟು ಮೀಟರ್?

ಆ) ರೈಟ್ ಸಹೋದರರ 2.6 ಮೀಟರ್ ಪ್ರೊಪೆಲ್ಲರ್ ನಿಮಿಷಕ್ಕೆ 350 ಸುತ್ತು ತಿರುಗಿದರೆ ತುದಿಯ ವೇಗ ಎಷ್ಟು? ಅದು ಶಬ್ದದ ವೇಗದ ಎಷ್ಟನೇ ಒಂದು ಭಾಗ?

ಇ) ಗುಡ್ಡದ ಗಾಳಿಯಂತ್ರದ ಅಲಗನ್ನೂ ತಿರುಚಿರುತ್ತಾರೆ. ಯಾಕೆ? ಹಂತಿಯ ಎತ್ತುಗಳನ್ನು ನೆನಪಿಸಿಕೊಂಡು ಉತ್ತರಿಸಿ.

ಈ) ವಿಮಾನ ವೇಗವಾಗಿ ಹೋಗುವಾಗ ಅಲಗಿನ ಓರೆ ಹೆಚ್ಚಿರಬೇಕೋ, ಕಡಿಮೆಯಿರಬೇಕೋ? ತ್ರಿಭುಜ ಬರೆದು ತೋರಿಸಿ.

– 9ನೇ ತರಗತಿಯ ವಿದ್ಯಾರ್ಥಿ